ಬಣ್ಣದ ಪರದೆಯ ಯಜಮಾನ ಗುಬ್ಬಿ ವೀರಣ್ಣ

ಮಂಡ್ಯದಿಂದ ವಿ.ಸಿ. ಫಾರಂ ಕಡೆಗೆ ಸಾಗುವ ಸೀಮೆಯಲ್ಲಿ, ಹಾಗೆಯೇ ಮದ್ದೂರು, ಮಳವಳ್ಳಿಯ ಆಸುಪಾಸಿನ ಹಳ್ಳಿಗಳಲ್ಲಿ, ಸುಗ್ಗಿ ಮುಗಿದು ಊರಹಬ್ಬದ ದಿನಗಳು ಬಂದವೆಂದರೆ ಪೌರಾಣಿಕ ನಾಟಕದ ಪೆಂಡಾಲುಗಳು ಏಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಬಾಡಿಗೆಯ ವಾಹನವೊಂದು ಬಂದು ನಿಲ್ಲುತ್ತದೆ. ಅದರಿಂದ ಇಳಿಯುವುದು ಬಿದಿರು, ಹಗ್ಗ, ಸುರುಳಿ ಸುತ್ತಿದ ಬಟ್ಟೆಯ ಉದ್ದನೆಯ ಹೊರೆಗಳು. ಸಂಜೆ ಆ ಸುರುಳಿಗಳು ಬಿಚ್ಚಿಕೊಂಡಾಗ ಒಂದರಲ್ಲಿ ಹಸ್ತಿನಾವತಿಯ ದರ್ಬಾರು, ಇನ್ನೊಂದರಲ್ಲಿ ಕಾಡು, ಮತ್ತೊಂದರಲ್ಲಿ ಎರಡು ಸಾಲು ಮಹಡಿ ಮನೆಗಳ ನಡುವಿನ ಬೀದಿ. ಊರಿನ ರೈತನೊಬ್ಬ ದುರ್ಯೋಧನನಾಗಿ ಆ ದರ್ಬಾರಿನ ಕಂಬಗಳ ಮುಂದೆ ನಿಂತು ಹಾರ್ಮೋನಿಯಂ ಶ್ರುತಿಗೆ ಕಂದಪದ್ಯ ಎತ್ತಿಕೊಂಡರೆ ಬೆಳಗಿನವರೆಗೆ ಯಾರೂ ಏಳುವುದಿಲ್ಲ.

ಬಟ್ಟೆಯ ಮೇಲೆ ಬರೆದ ಈ ದರ್ಬಾರು ಹಳ್ಳಿಯಲ್ಲಿ ಹುಟ್ಟಿದ್ದಲ್ಲ. ಅದು ವೃತ್ತಿ ನಾಟಕ ಕಂಪನಿಗಳು ಬಿಟ್ಟುಹೋದ ಆಸ್ತಿ. ಆ ಆಸ್ತಿಯನ್ನು ಕನ್ನಡ ನಾಡಿನಲ್ಲಿ ಅತ್ಯಂತ ವೈಭವದಿಂದ ಬೆಳೆಸಿದವರು ಗುಬ್ಬಿ ಹಂಪಣ್ಣ ವೀರಣ್ಣ. ನಟರಾಗಿ, ಹಾಸ್ಯಗಾರರಾಗಿ, ಸಿನಿಮಾ ನಿರ್ಮಾಪಕರಾಗಿ ಅವರ ಬದುಕನ್ನು ಹಲವರು ಬಲ್ಲರು. ಪರದೆಯ ಯಜಮಾನರಾಗಿ ಅವರು ಕಟ್ಟಿದ್ದೇನು, ತೆತ್ತದ್ದೇನು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕೈಯಲ್ಲಿ ಹಿಡಿದ ತೆರೆ

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅವರು ಹುಟ್ಟುವ ಮೊದಲೇ, 1884ರಲ್ಲಿ, ಊರಿನ ಚಂದಣ್ಣ ಮತ್ತು ಸಂಗಡಿಗರು ಸೇರಿ ನಾಟಕ ಮಂಡಳಿಯೊಂದನ್ನು ಕಟ್ಟಿದ್ದರು. ಊರಿನ ಆರಾಧ್ಯದೈವದ ಹೆಸರನ್ನೇ ಹೊತ್ತ ಆ ಮಂಡಳಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ನಾಡಿನ ಜನರ ಬಾಯಲ್ಲಿ ಅದು ಗುಬ್ಬಿ ಕಂಪನಿ ಎಂದೇ ಉಳಿಯಿತು.

ಆ ಕಾಲದವರೆಗೆ ಹಳೆಯ ಮೈಸೂರು ಸೀಮೆಯ ಹಳ್ಳಿಗರಿಗೆ ಆಟವೆಂದರೆ ಬಯಲಾಟ. ಮೂಡಲಪಾಯದಲ್ಲಾಗಲಿ, ಕರಾವಳಿಯ ಯಕ್ಷಗಾನದಲ್ಲಾಗಲಿ ಇದ್ದ ಪರದೆ ಒಂದೇ. ಇಬ್ಬರು ಎರಡು ತುದಿಗಳಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ತೆರೆ. ಪಾತ್ರಧಾರಿ ಅದರ ಹಿಂದೆ ನಿಂತು ಕಿರೀಟದ ತುದಿಯನ್ನೋ ಹೆಜ್ಜೆಯನ್ನೋ ತೋರಿಸುತ್ತಾನೆ. ತೆರೆ ಸರಿದಾಗ ಪೂರ್ಣವಾಗಿ ಪ್ರಕಟಗೊಳ್ಳುತ್ತಾನೆ. ಆ ತೆರೆಯ ಮೇಲೆ ಊರು ಕೇರಿಗಳ ಚಿತ್ರವಿರಲಿಲ್ಲ. ಅರಮನೆ, ಅಡವಿ, ಯುದ್ಧಭೂಮಿ ಎಲ್ಲವನ್ನೂ ಭಾಗವತರ ಪದ ಮತ್ತು ನೋಡುಗರ ಕಲ್ಪನೆಯೇ ಕಟ್ಟಿಕೊಡುತ್ತಿದ್ದವು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಪಾರ್ಸಿ ಕಂಪನಿಗಳು ಮತ್ತು ಮರಾಠಿ ನಾಟಕ ಮಂಡಳಿಗಳು ಊರೂರು ಸುತ್ತತೊಡಗಿದಾಗ ಈ ನೋಟ ಬದಲಾಯಿತು. ಪಾರ್ಸಿ ಕಂಪನಿಗಳು ಯುರೋಪಿನ ರಂಗಮಂದಿರಗಳಿಂದ ಬಣ್ಣದ ಪರದೆಯನ್ನು ತಂದಿದ್ದವು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ದೃಷ್ಟಿಕ್ರಮದ ಲೆಕ್ಕಾಚಾರದಲ್ಲಿ ಬರೆದ ಚಿತ್ರ ಸಮತಟ್ಟಾದ ಬಟ್ಟೆಯ ಮೇಲೆ ಆಳವನ್ನು ತೋರಿಸುತ್ತಿತ್ತು. ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಕ್ಕೆ ಮಂಡಳಿ ಕಟ್ಟಿದರು. ಗುಬ್ಬಿ ಕಂಪನಿ ಹುಟ್ಟಿದ್ದು ಇದೇ ಅಲೆಯಲ್ಲಿ. 1880ರ ದಶಕದಲ್ಲಿ ಹಳೆಯ ಮೈಸೂರಿನಲ್ಲಿ ಹಬ್ಬತೊಡಗಿದ ರೈಲು ಹಾದಿಗಳೂ ಇದಕ್ಕೆ ಒದಗಿದವು. ಭಾರವಾದ ಪರದೆಗಳನ್ನು ಹೊತ್ತು ಊರಿಂದೂರಿಗೆ ಸಾಗುವ ಕಂಪನಿಗೆ ರೈಲು ಬಹುದೊಡ್ಡ ಅನುಕೂಲವಾಗಿತ್ತು. ಮದ್ದೂರು, ಮಂಡ್ಯಗಳ ಮೇಲೆ ಹಾಯುವ ಬೆಂಗಳೂರು ಮೈಸೂರು ರೈಲು ಮಾರ್ಗವೂ ಆ ದಶಕದ ಆರಂಭದಲ್ಲೇ ತೆರೆದಿತ್ತು.

ವೀರಣ್ಣ ಬಾಲ್ಯದಲ್ಲೇ ಈ ಕಂಪನಿ ಸೇರಿದರು. ಶಾಲೆಯ ಕಪ್ಪು ಹಲಗೆಗಿಂತ ಹೆಚ್ಚಾಗಿ ಅವರು ನೋಡಿ ಬೆಳೆದದ್ದು ಬಣ್ಣದ ಪರದೆಯನ್ನು.

ಒಂದು ಪರದೆಯ ಹಿಂದಿನ ದುಡಿಮೆ

ಕಂಪನಿ ನಾಟಕದ ಪರದೆ ಬರಿಯ ಅಲಂಕಾರವಾಗಿರಲಿಲ್ಲ; ಅದು ನಾಟಕದ ಗಡಿಯಾರವೂ ಆಗಿತ್ತು. ಎಲ್ಲಕ್ಕಿಂತ ಮುಂದೆ ಅಂಕದ ಪರದೆ. ಸರಸ್ವತಿ, ಲಕ್ಷ್ಮಿ, ಗಣಪತಿ ಅಥವಾ ಕಂಪನಿಯ ಇಷ್ಟದೈವ ಅದರ ಮೇಲೆ ವಿರಾಜಮಾನವಾಗುವುದು ವಾಡಿಕೆ. ಹೊಸ ಮೊಕ್ಕಾಮಿನಲ್ಲಿ ಮೊದಲ ಆಟಕ್ಕೆ ಮುನ್ನ ರಂಗಕ್ಕೆ ಪೂಜೆ ಸಲ್ಲುತ್ತಿತ್ತು. ಕಾಯಿ ಒಡೆದು ಕರ್ಪೂರ ಬೆಳಗಿ, ಮೂರನೆಯ ಗಂಟೆಗೆ ಆ ಪರದೆ ಮೇಲೇರಿದಾಗ ನಟರೆಲ್ಲ ಕೈಮುಗಿದು ನಾಂದಿ ಹಾಡುತ್ತಿದ್ದರು. ಜನರ ಪಾಲಿಗೆ ಅದು ಗುಡಿಯ ಬಾಗಿಲು ತೆರೆದ ಅನುಭವವೇ ಸರಿ.

ಅದರ ಹಿಂದೆ ಒಂದರ ನಂತರ ಒಂದರಂತೆ ಬೀದಿಯ ಪರದೆ, ಉದ್ಯಾನ, ಕಾಡು, ಸೆರೆಮನೆ, ಸ್ಮಶಾನ, ಕಟ್ಟಕಡೆಗೆ ದರ್ಬಾರು. ಎಡಬಲಕ್ಕೆ ಮರಗಳನ್ನೋ ಕಂಬಗಳನ್ನೋ ಬರೆದ ಪಕ್ಕದ ಪರದೆಗಳು. ಮೇಲೆ ಹಗ್ಗ, ರಾಟೆಗಳನ್ನು ಮರೆಮಾಡುವ ಝಾಲರು. ಪರದೆಯ ಕೆಳಗಿನ ಅಂಚಿಗೆ ಉದ್ದನೆಯ ಬಿದಿರೋ ಮರದ ಉರುಳೆಯೋ ಇರುತ್ತಿತ್ತು. ಸೀಟಿ ಕೇಳಿದೊಡನೆ ಹಗ್ಗ ಎಳೆದರೆ ಕಾಡು ಸುರುಳಿ ಸುತ್ತಿಕೊಂಡು ಮೇಲೇರುತ್ತದೆ, ಅದರ ಹಿಂದಿನ ಅರಮನೆ ಕಾಣುತ್ತದೆ. ಹಗ್ಗ ಎಳೆಯುವವನ ಕೈ ಒಂದು ಕ್ಷಣ ತಡವಾದರೆ ವನವಾಸದ ರಾಮ ಬೀದಿಯಲ್ಲಿ ನಿಂತಿರುತ್ತಿದ್ದ.

ಈ ಪರದೆಗಳ ತಯಾರಿಕೆಯೇ ಒಂದು ಕಸುಬು. ಅಗಲ ಸಾಲದ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿಯಬೇಕು. ಮರವಜ್ರದಂಥ ಅಂಟಿನ ನೀರನ್ನೂ ಸುಣ್ಣದ ಪುಡಿಯನ್ನೂ ಬೆರೆಸಿ ಬಟ್ಟೆಯ ರಂಧ್ರ ಮುಚ್ಚುವಂತೆ ಬಳಿಯಬೇಕು. ಒಣಗಿದ ಮೇಲೆ ಬಣ್ಣದ ಪುಡಿಗಳನ್ನು ಅದೇ ಅಂಟಿನಲ್ಲಿ ಕಲಸಿ ಚಿತ್ರ ಬರೆಯಬೇಕು. ಎಣ್ಣೆಯ ಬಣ್ಣ ಬೆಳಕಿಗೆ ಹೊಳೆದು ಕಣ್ಣು ಕುಕ್ಕುತ್ತದೆ. ಬಟ್ಟೆಯ ತೂಕವನ್ನೂ ಹೆಚ್ಚಿಸುತ್ತದೆ. ಅಂಟಿನ ಪ್ರಮಾಣ ಕಡಿಮೆಯಾದರೆ ಬಣ್ಣ ಪುಡಿಪುಡಿಯಾಗಿ ನಟನ ತಲೆಯ ಮೇಲೆ ಉದುರುತ್ತದೆ. ಹೆಚ್ಚಾದರೆ ಸುರುಳಿ ಸುತ್ತುವಾಗ ಬಿರಿಯುತ್ತದೆ. ಹತ್ತಿರ ನಿಂತು ನೋಡಿದರೆ ಒರಟು ಗೆರೆಗಳಾಗಿ ಕಾಣುವುದು ಕೊನೆಯ ಬೆಂಚಿನಿಂದ ನೋಡಿದಾಗ ಅಮೃತಶಿಲೆಯ ಕಂಬವಾಗಬೇಕು. ರಾಜಾ ರವಿವರ್ಮನ ಮುದ್ರಿತ ದೇವತಾಚಿತ್ರಗಳು ಮನೆಮನೆ ತಲುಪಿದ್ದ ಕಾಲವದು. ಅದೇ ರೇಷ್ಮೆಯ ಮಡಿಕೆ, ಅದೇ ಕಂಬಸಾಲುಗಳು ನಾಟಕದ ಪರದೆಗೂ ಇಳಿದು ಬಂದವು.

ಇಷ್ಟು ಶ್ರಮದ ವಸ್ತುವಿಗೆ ಆಯುಷ್ಯ ಬಲು ಕಡಿಮೆ. ಮಳೆಯ ಒಂದು ಹನಿ ಬಿದ್ದರೂ ಅಂಟಿನ ಬಣ್ಣ ಕರಗುತ್ತದೆ. ಅಂಟಿನ ವಾಸನೆಗೆ ಇಲಿ ಬರುತ್ತದೆ. ಮಡಿಕೆ ಬಿದ್ದಲ್ಲಿ ಬಟ್ಟೆ ಹರಿಯುತ್ತದೆ. ಡೇರೆಯ ಥೇಟರಿನಲ್ಲಿ ಬೆಂಕಿಯ ಭಯ ಸದಾ ಇದ್ದದ್ದೇ. ಪರದೆ ಇಟ್ಟುಕೊಂಡ ಯಜಮಾನ ಪ್ರತಿ ಕೆಲವು ವರ್ಷಗಳಿಗೊಮ್ಮೆ ತನ್ನ ಲೋಕವನ್ನು ಮತ್ತೆ ಬರೆಸಬೇಕಾಗಿತ್ತು.

ಬೀದಿಯ ಪರದೆಯ ಮುಂದೆ

ಇಂಥ ರಂಗದಲ್ಲಿ ಒಂದು ತೊಡಕಿತ್ತು. ಹಿಂದೆ ದರ್ಬಾರು ಸಿದ್ಧವಾಗಬೇಕಾದರೆ ಸಿಂಹಾಸನ, ಪಕ್ಕದ ಆಸನಗಳು, ಮೆಟ್ಟಿಲುಗಳನ್ನು ಜೋಡಿಸಲು ಸಮಯ ಬೇಕು. ಅಷ್ಟು ಹೊತ್ತು ಜನರನ್ನು ಸುಮ್ಮನೆ ಕೂರಿಸುವಂತಿಲ್ಲ. ಇದಕ್ಕೆ ಪಾರ್ಸಿ ರಂಗಭೂಮಿ ಕಂಡುಕೊಂಡ ಉಪಾಯವೆಂದರೆ ಮುಂದಿನ ಬೀದಿಯ ಪರದೆಯನ್ನು ಇಳಿಬಿಟ್ಟು ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ದೃಶ್ಯ ಆಡಿಸುವುದು. ಹಿಂದೆ ಸುತ್ತಿಗೆಯ ಸದ್ದು, ಮುಂದೆ ನಗುವಿನ ಅಲೆ. ನಗು ಜೋರಾದಷ್ಟೂ ಸುತ್ತಿಗೆ ಕೇಳುವುದಿಲ್ಲ.

ವೀರಣ್ಣನವರ ಪ್ರತಿಭೆ ಅರಳಿದ್ದು ಆ ಕಿರಿದಾದ ಜಾಗದಲ್ಲಿ. ಅವರು ರಾಜಪಾರ್ಟಿನ ನಾಯಕನಟರಾಗಿ ಹೆಸರಾದವರಲ್ಲ, ಹಾಸ್ಯನಟರಾಗಿ ನಾಡನ್ನು ಗೆದ್ದವರು. ಹಾಸ್ಯಗಾರನಿಗೆ ಸಿಂಹಾಸನವಿಲ್ಲ, ಕಂಬಗಳ ವೈಭವವಿಲ್ಲ. ಅವನ ಹಿಂದೆ ಇರುವುದು ಹಲವು ನಾಟಕಗಳಿಗೆ ಬಳಸಿ ಸವೆದ ಬೀದಿಯ ಚಿತ್ರವೊಂದೇ. ಮಾತು, ಮುಖ, ಸಮಯಪ್ರಜ್ಞೆಗಳಿಂದಲೇ ಅವನು ಸಭೆಯನ್ನು ಹಿಡಿಯಬೇಕು. ಹಿಂದಿನ ಕೆಲಸ ಮುಗಿದಿಲ್ಲವೆಂದು ಸನ್ನೆ ಬಂದರೆ ದೃಶ್ಯವನ್ನು ಬೆಳೆಸಬೇಕು. ಮುಗಿಯಿತೆಂದರೆ ಚಪ್ಪಾಳೆಯ ನಡುವೆಯೇ ನಿರ್ಗಮಿಸಬೇಕು. ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದ 'ಸದಾರಮೆ' ನಾಟಕದಲ್ಲಿ ವೀರಣ್ಣನವರು ವಹಿಸುತ್ತಿದ್ದ ಕಳ್ಳನ ಪಾತ್ರ ಕನ್ನಡ ರಂಗಭೂಮಿಯ ದಂತಕತೆಯಾಯಿತು. ಕಥೆಯ ನಾಯಕಿ ಸದಾರಮೆಯಾದರೂ ಜನ ಟಿಕೆಟ್ ಕೊಂಡು ಬರುತ್ತಿದ್ದದ್ದು ಕಳ್ಳನನ್ನು ಕಾಣಲು.

ಪರದೆಯ ಮುಂದೆ ನಿಂತು ಅದರ ಹಿಂದಿನ ದುಡಿಮೆಗೆ ಸಮಯ ಗಳಿಸಿಕೊಡುವುದು ಹೇಗೆಂಬುದನ್ನು ಬಲ್ಲ ಈ ನಟನೇ ಮುಂದೆ ಕಂಪನಿಯ ಒಡೆತನ ವಹಿಸಿಕೊಂಡದ್ದು ಗುಬ್ಬಿ ಕಂಪನಿಯ ಭಾಗ್ಯ ಎನ್ನಬೇಕು. ನಟನಿಗೆ ಜನರ ನಾಡಿ ಗೊತ್ತಿತ್ತು. ಯಜಮಾನನಿಗೆ ರಂಗದ ಯಂತ್ರ ಗೊತ್ತಿತ್ತು. ವೀರಣ್ಣನವರಲ್ಲಿ ಇಬ್ಬರೂ ಒಂದೇ ದೇಹದಲ್ಲಿದ್ದರು.

ಯಜಮಾನನ ದಿನಗಳು

1910ರ ದಶಕದಲ್ಲಿ ಕಂಪನಿಯ ಹೊಣೆ ವೀರಣ್ಣನವರ ಕೈಗೆ ಬಂದಾಗ ಮೈಸೂರು ಸೀಮೆಯ ರಂಗಭೂಮಿಯಲ್ಲಿ ಎ.ವಿ. ವರದಾಚಾರ್ಯರ ಕೀರ್ತಿ ಮಧ್ಯಾಹ್ನದ ಸೂರ್ಯನಂತಿತ್ತು. 1926ರಲ್ಲಿ ವರದಾಚಾರ್ಯರು ತೀರಿಕೊಂಡರು. ಅಷ್ಟರಲ್ಲಿ ಗುಬ್ಬಿ ಕಂಪನಿ ನಾಡಿನ ದೊಡ್ಡ ಮಂಡಳಿಯಾಗಿ ಬೆಳೆಯತೊಡಗಿತ್ತು. ಕನ್ನಡ ನಾಡಿನ ಗಡಿ ದಾಟಿ ತೆಲುಗು, ತಮಿಳು ಸೀಮೆಗಳಲ್ಲಿಯೂ ಅದು ಮೊಕ್ಕಾಂ ಹೂಡಿತು.

ವೀರಣ್ಣನವರು ತಂದ ಬದಲಾವಣೆಗಳಲ್ಲಿ ಅತ್ಯಂತ ದಿಟ್ಟವಾದದ್ದು ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ವಹಿಸಿದ್ದು. ಗಂಡಸರೇ ಸೀರೆಯುಟ್ಟು ನಟಿಸುತ್ತಿದ್ದ ಕಾಲದಲ್ಲಿ ಅವರ ಪತ್ನಿಯರಾದ ಸುಂದರಮ್ಮ, ಬಿ. ಜಯಮ್ಮ ರಂಗವೇರಿ ಮನ್ನಣೆ ಗಳಿಸಿದರು. ಜಯಮ್ಮನವರು ಮುಂದೆ ಸಿನಿಮಾದಲ್ಲಿಯೂ ಹೆಸರಾದರು. ಬಾಲನಟರ ತಂಡವನ್ನು ಕಟ್ಟಿ ಮಕ್ಕಳಿಂದಲೇ ನಾಟಕ ಆಡಿಸಿದ್ದೂ ವೀರಣ್ಣನವರ ಇನ್ನೊಂದು ಸಾಹಸ. ಕಂಪನಿಯಲ್ಲಿ ನಟರು, ವಾದ್ಯಗಾರರು, ಅಡುಗೆಯವರು, ಬಡಗಿಗಳು, ದರ್ಜಿಗಳು, ಪರದೆ ಬರೆಯುವವರು, ಹಗ್ಗ ಎಳೆಯುವವರು, ಅವರ ಸಂಸಾರಗಳು, ಎಲ್ಲ ಸೇರಿ ಒಂದು ಊರೇ ಊರೂರು ಸುತ್ತುತ್ತಿತ್ತು.

ಇದೇ ಕಾಲದಲ್ಲಿ ಪರದೆಗೆ ಹೊಸ ಪರೀಕ್ಷೆಯೊಂದು ಎದುರಾಯಿತು. ಅದು ವಿದ್ಯುತ್ ದೀಪ. ಇಂದಿನ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಹರಿಯಿತು. ಎಣ್ಣೆಯ ದೀಪ, ಗ್ಯಾಸ್ ಲೈಟುಗಳ ಮಂದ ಹಳದಿ ಬೆಳಕಿಗೆ ಹೊಂದುವಂತೆ ಬರೆದ ಪರದೆಯ ಬಣ್ಣಗಳು ವಿದ್ಯುತ್ತಿನ ಪ್ರಖರತೆಯಲ್ಲಿ ಬೇರೆಯಾಗಿಯೇ ಕಂಡವು. ಹೊಲಿಗೆಯ ಗೆರೆ, ತೇಪೆಯ ಗುರುತು ಎಲ್ಲವೂ ಎದ್ದು ತೋರಿದವು. ಹಳೆಯ ಪರದೆಗಳು ಏಕಾಏಕಿ ಹಳತಾದವು. ಮತ್ತೊಂದೆಡೆ, ಬೆಳಕನ್ನು ಬೇಕಾದಾಗ ಬೆಳಗಿಸಿ ಬೇಕಾದಾಗ ತಗ್ಗಿಸುವ ಸೌಲಭ್ಯದಿಂದ ಸೂರ್ಯೋದಯ, ಮಿಂಚು, ದೇವತೆಗಳ ಪ್ರತ್ಯಕ್ಷದಂಥ ಚಮತ್ಕಾರಗಳಿಗೆ ದಾರಿಯಾಯಿತು. ಇಂಥ ಹೊಸತನಗಳಿಗೆ ಹಣ ಸುರಿಯುವುದರಲ್ಲಿ ವೀರಣ್ಣನವರು ಹಿಂದೆ ಮುಂದೆ ನೋಡಿದವರಲ್ಲ. ಒಳ್ಳೆಯ ಕಲೆಕ್ಷನ್ ಬಂದ ಮೊಕ್ಕಾಮಿನ ಹಣ ಮುಂದಿನ ನಾಟಕದ ಸೀನರಿಗೆ ಹೋಗುತ್ತಿತ್ತು. ಆ ನಾಟಕ ಸೋತರೆ ಉಳಿಯುತ್ತಿದ್ದದ್ದು ಸಾಲ.

1934ರ ಎರಡು ಘಟನೆಗಳು

1934 ಕನ್ನಡಿಗರ ಮನರಂಜನೆಯ ಇತಿಹಾಸದಲ್ಲಿ ಮರೆಯಲಾಗದ ವರ್ಷ. ಆ ವರ್ಷದ ಮಾರ್ಚ್‌ನಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಕಂಡಿತು. ಬಿಳಿಯ ಪರದೆಯೊಂದು ಮಾತನಾಡಿತು, ಅದೂ ಕನ್ನಡದಲ್ಲಿ. ಅದೇ ವರ್ಷ ಗುಬ್ಬಿ ಕಂಪನಿ ಬೆಂಗಳೂರಿನಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ' ನಾಟಕವನ್ನು ಹಿಂದೆಂದೂ ಕಾಣದ ಅದ್ದೂರಿಯಲ್ಲಿ ರಂಗಕ್ಕೆ ತಂದಿತು. ಬಯಲಿನಲ್ಲಿ ಸಿದ್ಧವಾದ ವಿಶಾಲ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬಂದವು. ಜನ ಬಾಯಿಬಿಟ್ಟು ನೋಡಿದರು.

ಈ ವೈಭವವನ್ನು ಬರಿಯ ಆಡಂಬರವೆಂದು ತಳ್ಳಿಹಾಕುವಂತಿಲ್ಲ. ಬಟ್ಟೆಯ ಮೇಲೆ ಬರೆದ ಆನೆ ನೋಡುಗನಿಗೆ ಸಾಕಾಗಿದ್ದ ಕಾಲ ಮುಗಿಯುತ್ತಿತ್ತು. ಸಿನಿಮಾ ನಿಜವಾದ ಕಾಡನ್ನು, ನಿಜವಾದ ಕುದುರೆಯನ್ನು ತೋರಿಸಬಲ್ಲದು. ನಾಟಕ ಅದರೊಡನೆ ಸ್ಪರ್ಧೆಗೆ ಇಳಿದರೆ ಚಿತ್ರದ ಬದಲು ವಸ್ತುವನ್ನೇ ತರಬೇಕು. 'ಕುರುಕ್ಷೇತ್ರ'ದಲ್ಲಿ ಆದದ್ದು ಅದೇ. ಅದು ಕಂಪನಿ ರಂಗಭೂಮಿಯ ವೈಭವದ ತುತ್ತತುದಿ. ಬಣ್ಣದ ಪರದೆ ಸೋಲಿನ ಹಾದಿ ಹಿಡಿದದ್ದೂ ಅಲ್ಲಿಂದಲೇ. ಆನೆಗೆ ಮೇವು ಹಾಕಬೇಕು, ಮಾವುತನಿಗೆ ಸಂಬಳ ಕೊಡಬೇಕು, ರಂಗವನ್ನು ಬಲಪಡಿಸಬೇಕು. ಊರಿಂದೂರಿಗೆ ಇದನ್ನೆಲ್ಲ ಸಾಗಿಸುವುದು ಯಾವ ಕಂಪನಿಗೂ ಬಹುಕಾಲ ಸಾಧ್ಯವಿರಲಿಲ್ಲ.

ಯುರೋಪಿನ ರಾಷ್ಟ್ರೀಯ ರಂಗಮಂದಿರಗಳ ಜೊತೆ ಹೋಲಿಸಿದರೆ ವೀರಣ್ಣನವರ ಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಝೆಕ್ ಜನರ ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರಕ್ಕೆ 1881ರಲ್ಲಿ ಬೆಂಕಿ ಬಿದ್ದು ಝೆನಿಶೆಕ್ ಎಂಬ ಚಿತ್ರಕಾರ ಬರೆದಿದ್ದ ಮುಂಪರದೆ ಸುಟ್ಟುಹೋಯಿತು. ಜನ ವಂತಿಗೆ ಕೂಡಿಸಿ ಕಟ್ಟಡವನ್ನು ಮತ್ತೆ ಎಬ್ಬಿಸಿದರು. 1883ರಲ್ಲಿ ಅದು ಮತ್ತೆ ತೆರೆದಾಗ ಹೈನಾಯಿಸ್ ಎಂಬ ಕಲಾವಿದ ಬರೆದ ಹೊಸ ಪರದೆ ಅಲ್ಲಿತ್ತು. ಜನರ ವಂತಿಗೆಯಿಂದ ರಂಗಮಂದಿರ ಎದ್ದ ಕಥೆಯೇ ಅದರ ವಸ್ತು. ಆ ಪರದೆಗೆ ಕಲ್ಲಿನ ಕಟ್ಟಡದ ರಕ್ಷಣೆಯಿತ್ತು, ಬರೆದವನ ಹೆಸರಿಗೆ ಇತಿಹಾಸದಲ್ಲಿ ಜಾಗವಿತ್ತು. ಕನ್ನಡಿಗರಿಗೆ ಆಗ ಒಂದು ರಾಜ್ಯವೇ ಇರಲಿಲ್ಲ. ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಅಂಥ ಹೊತ್ತಿನಲ್ಲಿ ಊರೂರು ಅಲೆಯುವ ಡೇರೆಯೇ ಕನ್ನಡಿಗರ ರಾಷ್ಟ್ರೀಯ ರಂಗಮಂದಿರವಾಗಿತ್ತು. ಅದರ ಪರದೆಗೆ ಗೋಡೆಯಿರಲಿಲ್ಲ, ವಂತಿಗೆಯಿರಲಿಲ್ಲ. ಇದ್ದದ್ದು ಪ್ರತಿ ರಾತ್ರಿಯ ಟಿಕೆಟ್ ಹಣ ಮತ್ತು ಯಜಮಾನನ ಸಾಲದ ಪತ್ರ.

ಬಣ್ಣದಿಂದ ಬಿಳಿಯ ಪರದೆಗೆ

ಸಿನಿಮಾವನ್ನು ಶತ್ರುವೆಂದು ದೂರವಿಡುವ ಸ್ವಭಾವ ವೀರಣ್ಣನವರದಲ್ಲ. ವಾಕ್ಚಿತ್ರ ಬರುವ ಮೊದಲೇ ಅವರು ಮೂಕಿ ಚಿತ್ರಗಳಿಗೆ ಹಣ ಹೂಡಿದ್ದರು. 'ಹಿಸ್ ಲವ್ ಅಫೇರ್', 'ಹರಿಮಾಯಾ' ಆ ಪ್ರಯತ್ನಗಳ ಫಲ. ಲಾಭ ತಂದುಕೊಡದ ಸಾಹಸಗಳವು. 1935ರಲ್ಲಿ 'ಸದಾರಮೆ' ಚಲನಚಿತ್ರವಾಯಿತು. ವೀರಣ್ಣ, ಜಯಮ್ಮ ಅದರಲ್ಲಿ ನಟಿಸಿದರು. 'ಸುಭದ್ರಾ', 'ಜೀವನ ನಾಟಕ', 'ಹೇಮರೆಡ್ಡಿ ಮಲ್ಲಮ್ಮ' 1940ರ ದಶಕದಲ್ಲಿ ಅವರ ನಂಟಿನಿಂದ ಬಂದ ಚಿತ್ರಗಳು. ಚಿತ್ರಮಂದಿರಗಳನ್ನೂ ಅವರು ನಡೆಸಿದರು.

ಪರದೆಯಿಂದ ಸಿನಿಮಾಕ್ಕೆ ಹೋದ ದಾರಿಯಲ್ಲಿ ವೀರಣ್ಣ ಒಬ್ಬಂಟಿಯಲ್ಲ. ನೆರೆಯ ಕೊಲ್ಹಾಪುರದ ಬಾಬುರಾವ್ ಪೇಂಟರ್ ಮತ್ತು ಅವರ ಸೋದರಸಂಬಂಧಿ ಆನಂದರಾವ್ ಮರಾಠಿ ನಾಟಕ ಕಂಪನಿಗಳಿಗೆ ಪರದೆ ಬರೆದೇ ಪೇಂಟರ್ ಎಂಬ ಹೆಸರು ಪಡೆದವರು. ಬಾಬುರಾವ್ ಮುಂದೆ ಭಾರತೀಯ ಮೂಕಿ ಚಿತ್ರಗಳ ಹಿರಿಯ ನಿರ್ದೇಶಕರಾದರು. ಬಟ್ಟೆಯ ಮೇಲೆ ಆಳವನ್ನು ತೋರಿಸುವ ಕಣ್ಣಿದ್ದವರಿಗೆ ಕ್ಯಾಮೆರಾದ ಚೌಕಟ್ಟು ಅಪರಿಚಿತವೆನಿಸಲಿಲ್ಲ.

1954ರಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆ ಮದರಾಸಿನ ಎ.ವಿ.ಎಂ. ಜೊತೆಗೂಡಿ 'ಬೇಡರ ಕಣ್ಣಪ್ಪ' ಚಿತ್ರವನ್ನು ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ತಂದಿತು. ನಾಯಕನ ಪಾತ್ರಕ್ಕೆ ಬಂದ ತರುಣನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಆ ತರುಣ ಮುತ್ತುರಾಜನೂ ಎಳವೆಯಲ್ಲಿ ಅದೇ ಕಂಪನಿಯ ಅನ್ನ ಉಂಡವನು. ಆ ಚಿತ್ರದಿಂದ ಅವರು ರಾಜ್‌ಕುಮಾರ್ ಆದರು. ಜಿ.ವಿ. ಅಯ್ಯರ್ ಬಾಲ್ಯದಲ್ಲಿ ಬಂದು ಸೇರಿದ್ದೂ ಇದೇ ಕಂಪನಿಗೆ. ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ಅವನ ಓದಿನ ಹಂಬಲವನ್ನು ಗುರುತಿಸಿ ಉನ್ನತ ವ್ಯಾಸಂಗಕ್ಕೆ ಬನಾರಸಿಗೆ ಕಳುಹಿಸಿದವರು ವೀರಣ್ಣನವರೇ. ಒಬ್ಬ ಕಂಪನಿ ಯಜಮಾನ ತನ್ನಲ್ಲಿ ಪಾತ್ರ ಮಾಡಬೇಕಾದ ಹುಡುಗನನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಪರದೆ ಸರಿದ ಮೇಲೆ

ಗೌರವಗಳು ವೀರಣ್ಣನವರನ್ನು ಹುಡುಕಿಕೊಂಡು ಬಂದವು. ನಾಡು ಅವರನ್ನು ನಾಟಕರತ್ನ ಎಂದು ಕರೆಯಿತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಸಂದವು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'. ಬಸವಣ್ಣನ ಕಾಯಕ ತತ್ವದ ಮನೆತನದಿಂದ ಬಂದವರಿಗೆ ಅದು ಸಹಜವಾದ ಮಾತು. ಅವರ ಇಡೀ ಬದುಕಿಗೂ ಒಪ್ಪುವ ಮಾತು.

ಆದರೆ ಅಷ್ಟರಲ್ಲಿ ರಂಗಭೂಮಿಯ ಗಾಳಿ ತಿರುಗಿತ್ತು. 1963ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ತೆರೆಯಿತು. ಅಲ್ಲಿ ಹವ್ಯಾಸಿ ತಂಡಗಳು ಹೊಸ ನಾಟಕಗಳನ್ನು ಆಡತೊಡಗಿದವು. ವಿದ್ಯಾವಂತರ ಕಣ್ಣಿಗೆ ಬಣ್ಣದ ದರ್ಬಾರು ಹಳೆಯ ಕಾಲದ ಭ್ರಮೆಯಾಗಿ ಕಂಡಿತು. ಒಂದು ಮಣೆ, ಒಂದು ಬೆಳಕಿನ ವೃತ್ತ, ಕಪ್ಪು ಹಿನ್ನೆಲೆ ಸಾಕು ಎಂಬ ಅಭಿರುಚಿ ಬೆಳೆಯಿತು. ಊರೂರು ಸುತ್ತುವ ಕಂಪನಿಗಳು ಒಂದೊಂದಾಗಿ ಡೇರೆ ಮಡಿಸಿದವು.

1972ರ ಅಕ್ಟೋಬರ್‌ನಲ್ಲಿ ವೀರಣ್ಣನವರು ನಿಧನರಾದರು. 1970ರ ದಶಕದ ಅದೇ ಆರಂಭದ ವರ್ಷಗಳಲ್ಲಿ ಗಿರೀಶ ಕಾರ್ನಾಡರ 'ಹಯವದನ' ನಾಟಕವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಅದರಲ್ಲಿ ಪಾತ್ರಗಳು ಪ್ರವೇಶಿಸಿದ್ದು ಇಬ್ಬರು ಕೈಯಲ್ಲಿ ಹಿಡಿದ ತೆರೆಯ ಹಿಂದಿನಿಂದ. ಗುಬ್ಬಿ ಕಂಪನಿಯ ಬಣ್ಣದ ಪರದೆಗಳ ನಡುವೆ ಬೆಳೆದ ಹುಡುಗ ಕನ್ನಡ ನಾಟಕವನ್ನು ಮತ್ತೆ ಬಯಲಾಟದ ಕೈತೆರೆಯ ಹತ್ತಿರ ತಂದು ನಿಲ್ಲಿಸಿದ್ದರು. ಮೂಡಲಪಾಯದ ತೆರೆಯಿಂದ ಹೊರಟ ಪ್ರಯಾಣ ಒಂದು ಸುತ್ತು ಮುಗಿಸಿತ್ತು. ಕಾರಂತರು ಬಿಟ್ಟದ್ದು ಚಿತ್ರದ ಪರದೆಯನ್ನು ಮಾತ್ರ. ಹಾಡು, ಹಾಸ್ಯ, ನೋಡುಗನನ್ನು ಹಿಡಿದಿಡುವ ಲಯ ಇವೆಲ್ಲ ಕಂಪನಿಯ ಮನೆಯಿಂದಲೇ ಅವರ ಜೊತೆ ಬಂದಿದ್ದವು.

ಮಂಡ್ಯದ ನೆಲದಲ್ಲಿ ಉಳಿದದ್ದು

ನಗರ ಕೈಬಿಟ್ಟ ಪರದೆಯನ್ನು ಹಳ್ಳಿ ಕೈಬಿಡಲಿಲ್ಲ. ಅದಕ್ಕೊಂದು ಆರ್ಥಿಕ ಕಾರಣವೂ ಇದೆ. ಗುಬ್ಬಿ ಕಂಪನಿ 'ಕುರುಕ್ಷೇತ್ರ' ಆಡಿದ 1930ರ ದಶಕದಲ್ಲಿಯೇ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿಯಿತು. ವಿಶ್ವೇಶ್ವರಯ್ಯ ನಾಲೆ ಎಂದು ಮುಂದೆ ಹೆಸರಾದ ಆ ಕಾಲುವೆಯಿಂದಲೇ ವಿ.ಸಿ. ಫಾರಂಗೆ ಆ ಹೆಸರು ಬಂದದ್ದು. ನೀರಾವರಿ ಬೆಳೆಗಳ ಪ್ರಯೋಗ ಅಲ್ಲಿ ನಡೆಯಿತು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆ ಮಂಡ್ಯದಲ್ಲಿ ಕಬ್ಬು ಅರೆಯತೊಡಗಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬಿನ ಹಣ ರೈತನ ಕೈಗೆ ಬಂದಾಗ ಅದರಲ್ಲೊಂದು ಪಾಲು ನಾಟಕಕ್ಕೆ ಸಂದಿತು.

ಕಂಪನಿಗಳು ಮರೆಯಾದ ಮೇಲೆ ಈ ಸೀಮೆಯ ಜನ ತಾವೇ ನಟರಾದರು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಕಲಿಸುತ್ತಾರೆ. ಕೃಷ್ಣ, ಭೀಮ, ದುರ್ಯೋಧನ ಪಾತ್ರಗಳಿಗೆ ಪಾತ್ರಧಾರಿಯೇ ಹಣ ತೆರುತ್ತಾನೆ. ಕಂಪನಿಯಲ್ಲಿ ನಟನಿಗೆ ಯಜಮಾನ ಸಂಬಳ ಕೊಡುತ್ತಿದ್ದ; ಇಲ್ಲಿ ನಟನೇ ಒಂದು ರಾತ್ರಿಯ ಯಜಮಾನ. ಪರದೆ, ಕಿರೀಟ, ಗದೆ, ಬೆಳಕು ಎಲ್ಲವನ್ನೂ ಬಾಡಿಗೆಗೆ ಒದಗಿಸುವ ಸೀನರಿಯವರು ಈ ರಂಗಭೂಮಿಯ ಬೆನ್ನೆಲುಬು. ಅವರ ಸುರುಳಿಗಳಲ್ಲಿರುವ ಅಂಕದ ಪರದೆ, ಬೀದಿ, ಕಾಡು, ದರ್ಬಾರಿನ ಅನುಕ್ರಮ ಗುಬ್ಬಿಯಂಥ ಕಂಪನಿಗಳು ರೂಢಿಗೆ ತಂದ ಅನುಕ್ರಮವೇ.

ಈ ಉಳಿಕೆಯೂ ಈಗ ಶಾಶ್ವತವೇನಲ್ಲ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಹಾಳೆ ಅಗ್ಗ, ಮಳೆಗೆ ಅಂಜುವುದಿಲ್ಲ. ಎಲ್‌ಇಡಿ ಪರದೆ ಬಂದರೆ ಹಗ್ಗ ಎಳೆಯುವವನೂ ಬೇಡ. ಕೈಯಿಂದ ಬರೆದ ಪರದೆ ಹರಿದಾಗ ಅದನ್ನು ಮತ್ತೆ ಬರೆಯಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಹರಿದ ಪರದೆಯನ್ನು ಚಿತ್ರವೆಂದು ಎತ್ತಿಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಅದು ಸಾಮಾನು ಮುಚ್ಚುವ ಬಟ್ಟೆಯಾಗಿ ಕೊನೆಗೊಳ್ಳುತ್ತದೆ. ಪ್ರಾಗ್‌ನ ಪರದೆ ಬರೆದವನ ಹೆಸರನ್ನು ಇಂದಿಗೂ ಹೇಳಬಹುದು. ನಮ್ಮ ದರ್ಬಾರುಗಳನ್ನು ಬರೆದವರಲ್ಲಿ ಬಹುತೇಕರು ಹೆಸರಿಲ್ಲದೆ ಹೋದರು.

ವೀರಣ್ಣನವರ ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ರಂಗಸಾಧಕರಿಗೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತದೆ. ಮೊಮ್ಮಗಳು ಬಿ. ಜಯಶ್ರೀ ಅದೇ ಹಾಡಿನ ಕಸುವನ್ನು ಆಧುನಿಕ ರಂಗಭೂಮಿಗೆ ತಂದು 2010ರಲ್ಲಿ ರಾಜ್ಯಸಭೆಯ ಸದಸ್ಯೆಯೂ ಆದರು. ಒಬ್ಬ ಹಾಸ್ಯಗಾರ ಕಟ್ಟಿದ ಮನೆಯಿಂದ ನಟಸಾರ್ವಭೌಮನೊಬ್ಬ, ಸಂಸ್ಕೃತದಲ್ಲಿ ಸಿನಿಮಾ ತೆಗೆದ ನಿರ್ದೇಶಕನೊಬ್ಬ, ರಾಷ್ಟ್ರೀಯ ನಾಟಕ ಶಾಲೆಯ ಮುಖ್ಯಸ್ಥನೊಬ್ಬ ಬಂದದ್ದು ಯಾವ ಭಾಷೆಯ ರಂಗಭೂಮಿಗೂ ಹೆಮ್ಮೆಯ ವಿಷಯ.

ಮಂಡ್ಯದ ಹಳ್ಳಿಯಲ್ಲಿ ಮಧ್ಯರಾತ್ರಿಯ ಹೊತ್ತಿಗೆ ದರ್ಬಾರಿನ ಮುಂದೆ ಬೀದಿಯ ಪರದೆ ಇಳಿಯುತ್ತದೆ. ಹಿಂದೆ ಸಿಂಹಾಸನ ಸರಿಸುವ ಸದ್ದು. ಮುಂದೆ ಹಾಸ್ಯಗಾರ ಬಂದು ಮಾತು ಶುರು ಮಾಡುತ್ತಾನೆ, ಜನ ನಗುತ್ತಾರೆ, ಸದ್ದು ಕೇಳದಾಗುತ್ತದೆ. ಆ ಸವೆದ ಬೀದಿಯ ಚಿತ್ರದ ಮುಂದೆ, ಕಿರಿದಾದ ಆ ಜಾಗದಲ್ಲಿ, ಗುಬ್ಬಿ ವೀರಣ್ಣನವರ ಕಾಯಕ ಇನ್ನೂ ನಡೆದಿದೆ.